ಮನೆಯಲ್ಲಿ ಆಡುವ ಭಾಷೆ

ಆಸ್ಪತ್ರೆಯ ಫಾರಮ್ಮಿನಲ್ಲಿ ‘ಮನೆಯಲ್ಲಿ ಆಡುವ ಭಾಷೆ’ ಎಂಬ ಜಾಗ ಬರುತ್ತಲೇ ಕಮರುನ್ನೆಸಾ ಬೇಗಂ ವೀಳ್ಯದೆಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ನೆಟ್ಟಗೆ ಕೂತರು. ಊರು ಬಿಟ್ಟು ಇಂಗ್ಲಿಷರ ನಾಡಿನ ಓಲ್ಡಮ್ಮಿಗೆ ಬಂದು ಮೂವತ್ತೆರಡು ವರ್ಷವಾದರೂ ಇಂಥ ಕಾಗದ ತುಂಬುವುದು ಮಗಳು ಸುಹೇಲಾಳ ಪಾಲಿನ ಕೆಲಸ.

“ಸಿಲ್ಹೆಟಿ ಅಂತ ಬರೀತೀನಮ್ಮಾ.”

“ಬಾಯ್ಮುಚ್ಚೇ! ಸರ್ಕಾರದ ಕಾಗ್ದದಾಗೆ ಯಾರಾರಾ ಸಿಲ್ಹೆಟಿ ಅಂತ ಬರೀತಾರಾ? ಹಳ್ಳಿ ಗಮಾರ್ರು ಅನ್ಕತಾರೆ. ಬಾಂಗ್ಲಾ ಅಂತ ಬರಿ.”

“ನಿಂಗೆಲ್ಲಿ ಬತ್ತದೆ ಬಾಂಗ್ಲಾ? ಟಿ.ವಿ.ಲಿ ವಾರ್ತೆ ಶುರುವಾದ್ರೆ ಎದ್ದೋಯ್ತೀಯ.”

“ಮನೆ ಮರ್ವಾದೆ ಬ್ಯಾಡ್ವಾ ನಿಂಗೆ?”

ಆ ಬೀದಿಯವರೆಲ್ಲ ಮಾಡುವುದು ಇದನ್ನೇ. ಅಡುಗೆಮನೆಯಲ್ಲಿ, ಜಗಳದಲ್ಲಿ, ಸಾವಿನಲ್ಲಿ ಊರ ಕಡೆಯ ಆಡುಮಾತಾದ ಸಿಲ್ಹೆಟಿ. ಕಾಗದ ಬಂದರೆ ಮಾತ್ರ ಪೆಟ್ಟಿಗೆಯ ಮದುವೆ ಸೀರೆಯ ಹಾಗೆ ಶುದ್ಧ ಬಾಂಗ್ಲಾ ಹೊರಬರುತ್ತದೆ. ಇಂಗ್ಲಿಷಿಗೆ ಸುಹೇಲಾ ‘ಸ್ವಲ್ಪವೂ ಬಾರದು’ ಎಂದು ಗುರುತು ಹಾಕಿದಾಗಲಂತೂ ಬೇಗಂಗೆ ನಿಜಕ್ಕೂ ನೋವಾಯಿತು. ಬಸ್ಸಿನವನಿಗೆ ದಿನವೂ ಹೇಳುವ ಥ್ಯಾಂಕ್ಯೂಗೆ ಬೆಲೆಯೇ ಇಲ್ಲವೇ?

ಹೃದಯದ ಆಪರೇಷನ್ನಿಗೆ ಒಪ್ಪಿಗೆ ಪಡೆಯುವ ದಿನ, ಫಾರಮ್ಮಿನಲ್ಲಿ ಬಾಂಗ್ಲಾ ಎಂದು ಬರೆಸಿದ್ದಂತೆ, ಢಾಕಾದ ಮೌಶುಮಿ ಎಂಬ ಹುಡುಗಿ ದುಭಾಷಿಯಾಗಿ ಬಂದಳು. ಪಕ್ಕದಲ್ಲಿ ಕೂತ ಸುಹೇಲಾಳಿಗೆ, ಮನೆಯವರು ನಡುವೆ ಬಾಯಿ ಹಾಕಬಾರದೆಂದು ಮೊದಲೇ ಹೇಳಿದ್ದರು.

“ಖಾಲಾ, ಔಷಧಗಳನ್ನು ತಾವು ನಿಯಮಿತವಾಗಿ ಸೇವಿಸುತ್ತಿರುವಿರಾ? ವ್ಯತಿರಿಕ್ತ ಪರಿಣಾಮವೇನಾದರೂ ಕಂಡುಬಂದಿದೆಯೇ?”

ಎಷ್ಟು ಚಂದ ಮಾತಾಡುತ್ತಾಳೆ! ಅರ್ಧಕ್ಕರ್ಧ ತಿಳಿಯದಿದ್ದರೂ ಅಂಥ ಮಾತಿನೆದುರು ಬೇಗಂಗೆ ನಾಲಿಗೆ ಹೊರಳಲಿಲ್ಲ. “ಜೀ,” ಎಂದರು.

“ಎಲ್ಲವೂ ಅರ್ಥವಾಯಿತೇ?”

“ಜೀ, ಜೀ.”

ನಿಜವೆಂದರೆ ಒಂದು ಮಾತ್ರೆಯನ್ನು ಅವರು ಹದಿನೈದು ದಿನದಿಂದ ನುಂಗಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಅದು ತಪ್ಪಿದರೆ ಆಪರೇಷನ್ನಿನಲ್ಲಿ ಜೀವಕ್ಕೇ ಸಂಚಕಾರವೆಂದು ಹಿಂದಿನ ಸಲ ನರ್ಸು ಸುಹೇಲಾಳ ಬಾಯಲ್ಲಿ ಹೇಳಿಸಿದ್ದಳು. ಡಾಕ್ಟರು ಸಹಿಗೆಂದು ಪೆನ್ನು ಮುಂದಿಟ್ಟರು. ಬೇಗಂ ಅದನ್ನು ಹಿಡಿದು, ಮತ್ತೆ ಕೆಳಗಿಟ್ಟರು. ಸಾಯುವ ಭಯದೆದುರು ಮರ್ಯಾದೆ ಎಷ್ಟು ಹೊತ್ತು ನಿಂತೀತು? ಸಿಲ್ಹೆಟಿಯೇ ಹೊರಬಿತ್ತು.

“ಸುಳ್ಳೇಳ್ಬುಟ್ಟೆ ತಾಯಿ! ಆ ಕೆಂಪು ಗುಳ್ಗೆ ನುಂಗುದ್ರೆ ಬುರ್ಡೆ ಗಿರ್ರಂತದೆ, ಕಣ್ಗೆ ಕತ್ಲೆ ಕಟ್ತದೆ. ಬುಟ್ಬುಟ್ಟಿವ್ನಿ ಕಣವ್ವಾ!”

ಸುಹೇಲಾ ಹೌಹಾರಿದಳು. ಮೌಶುಮಿಯ ಮುಖ ಕೆಂಪೇರಿತು. ಅವಳು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ, ಬೇಗಂ ಕಡೆ ತಿರುಗಿದಳು.

“ಕ್ಷಮಿಸಿ ಖಾಲಾ. ತಾವು ಹೇಳಿದ್ದು ನನಗೆ ಅರ್ಥವಾಗಲಿಲ್ಲ.”

ಯಾರೂ ನಗಲಿಲ್ಲ. ಡಾಕ್ಟರು ಸಿಟ್ಟಾಗದೆ ಒಪ್ಪಿಗೆಯ ಕಾಗದವನ್ನು ಹಿಂದಕ್ಕೆಳೆದುಕೊಂಡು, ಸಿಲ್ಹೆಟಿ ಬಲ್ಲವರನ್ನು ಕರೆಸಲು ಫೋನೆತ್ತಿದರು. ಬೇಗಂ ಆ ಹುಡುಗಿಯನ್ನೇ ನೋಡುತ್ತಿದ್ದರು. ಅಷ್ಟು ಓದಿದವಳು, ಅರ್ಥವಾಗಲಿಲ್ಲ ಎಂದು ಅಷ್ಟು ಸಲೀಸಾಗಿ ಅಂದುಬಿಟ್ಟಳಲ್ಲ! ಮೂವತ್ತೆರಡು ವರ್ಷ ಅಂಗಡಿಯಲ್ಲಿ, ಮಕ್ಕಳ ಶಾಲೆಯಲ್ಲಿ, ಗಂಡನ ಪ್ರಾಣ ಹೋದ ದಿನ ಆ ಬಿಳಿ ಕೋಟಿನವರೆದುರು, ತಾವು ಒಮ್ಮೆಯೂ ಆಡದೆ ನುಂಗಿಕೊಂಡ ಮಾತು ಅದು.

“ಅಂಗೆ ಅನ್ಬೋದಾಗಿತ್ತಾ ಮಗ್ಳೇ?” ಎಂದು ಸುಹೇಲಾಳ ಕೈ ಹಿಡಿದು ಬೇಗಂ ಅತ್ತುಬಿಟ್ಟರು.