ಎಡಕ್ಕೆ ವಾಲಿದ ಕೋಟು

ಕೊಳ್ಳೇಗಾಲದ ಕೋರ್ಟಿನ ಮೆಟ್ಟಿಲೇರಿ ಬರುವಾಗ ಗುರುಪಾದಸ್ವಾಮಿಗಳ ದೇಹ ಸದಾ ಎಡಕ್ಕೆ ವಾಲಿರುತ್ತಿತ್ತು. ಅದಕ್ಕೆ ಕಾರಣ ವಾತವಲ್ಲ, ವಯಸ್ಸೂ ಅಲ್ಲ. ಆ ಹಳೆಯ ಕಂದು ಕೋಟಿನ ಎಡಜೇಬಿನಲ್ಲಿ ಸರ್ಕಾರಿ ಮುದ್ರೆಯ ಒಂದು ಕಿಲೋ ಕಲ್ಲು ಕೂತಿರುತ್ತಿತ್ತು. ಸೇರು ಹೋಗಿ ಕಿಲೋ ಬಂದ ಹೊಸತರಲ್ಲಿ ಎರಡನೇ ದರ್ಜೆಯ ಮ್ಯಾಜಿಸ್ಟ್ರೇಟರಾಗಿದ್ದ ಅವರು, ಬದನೆಕಾಯಿ ಕೊಳ್ಳಲು ಹೋದರೂ ಅಂಗಡಿಯವನ ತಕ್ಕಡಿಗೆ ತಮ್ಮ ಕಲ್ಲನ್ನೇ ಇಡುತ್ತಿದ್ದರು. "ನ್ಯಾಯ ಎಡಕ್ಕೆ ವಾಲ್ತದೆ ಕಣ್ರಿ" ಎಂದು ವಕೀಲರು ನಗುತ್ತಿದ್ದರು, ಆ ಕೋರ್ಟಿನ ಗುಮಾಸ್ತನಾಗಿದ್ದ ನಾನೂ ನಕ್ಕವನೇ.

ದಂಡದ ಮೊತ್ತ ಬರೆಯುವ ಮುನ್ನ ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಕನ್ನಡಕದ ಮೇಲಿಂದ ನೋಡಿ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ನಿನಗೆಷ್ಟು ಸಿಕ್ತು?" ಒಣಸೌದೆ ಕದ್ದ ಮುದುಕನ ದಂಡ ಎಂಟಾಣೆಗೆ ನಿಂತದ್ದು ಆ ಪ್ರಶ್ನೆಯಿಂದಲೇ.

ರಾಮಾಪುರದ ಸೀಗೆಕಾಯಿ ವ್ಯಾಪಾರಿ ಶಿವನಂಜಯ್ಯನನ್ನು ಮಾತ್ರ ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಒಳಗೆ ಸೀಸ ತುಂಬಿದ ಅವನ ಕಿಲೋಕಲ್ಲು ನೂರು ಗ್ರಾಂ ಹೆಚ್ಚು ತೂಗುತ್ತಿತ್ತು. ಕಾಡಿನವರು ಹೊತ್ತು ತಂದದ್ದನ್ನು ಅದರಲ್ಲೇ ತೂಗಿ ಕೊಳ್ಳುತ್ತಿದ್ದ. ಹಿಂದಿನ ಮ್ಯಾಜಿಸ್ಟ್ರೇಟರ ಕಾಲದಲ್ಲಿ ಎರಡು ಸಲ ಸಿಕ್ಕಿಬಿದ್ದು ಐವತ್ತೈವತ್ತು ರೂಪಾಯಿ ಕಟ್ಟಿದ್ದವನು, ಮೂರನೆಯ ಸಲ ನೋಟು ಮಡಚಿಟ್ಟುಕೊಂಡೇ ಬಂದ. "ತಪ್ಪಾಯ್ತು ಸಾ. ದಂಡ ತಂದಿವ್ನಿ, ರಸೀದಿ ಕೊಟ್ಬುಡಿ, ಬಸ್ಸು ಒಂಟೋಯ್ತದೆ."

ಕಳ್ಳತನಕ್ಕೆ ನಿಗದಿಯ ದರವಿಟ್ಟರೆ ಅದು ದಂಡವಲ್ಲ, ಲೈಸೆನ್ಸು. ಇದು ನನ್ನ ಸಿಟ್ಟಿನ ಮಾತು. ಸ್ವಾಮಿಗಳಿಗೆ ಸಿಟ್ಟು ಬರುತ್ತಿರಲಿಲ್ಲ, ಲೆಕ್ಕ ಬರುತ್ತಿತ್ತು.

ಸಾಕ್ಷಿಗೆ ಬಂದಿದ್ದ ಸೋಲಿಗರ ಕೇತಿಯನ್ನು ವಿಚಾರಿಸಿದರು. "ಕಿಲೋ ನಂಗೊತ್ತಿಲ್ಲ ಬುದ್ಧಿ. ಇನಿಸ್ಪೆಟ್ರು ತೂಗಿ ತೋರ್ಸುದ್ರು, ಹನ್ನೊಂದ್ ಹೊರೆ ಹೊತ್ರೆ ಹತ್ತಕ್ಕೆ ಕಾಸು. ಇವತ್ತೂ ಐವತ್ರಲ್ಲಿ ಬುಟ್ರೆ ನಾಳಿಂದ ಹನ್ನೆರಡು ಹೊರ್ಬೇಕು."

ಸ್ವಾಮಿಗಳು ಜೇಬಿನ ಕಲ್ಲನ್ನು ಮೇಜಿನ ಮೇಲಿಟ್ಟು, ವ್ಯಾಪಾರಿಯದೇ ಖರೀದಿ ಪುಸ್ತಕ ತರಿಸಿ, ಮಧ್ಯಾಹ್ನದ ಊಟ ಬಿಟ್ಟು ಲೆಕ್ಕ ಕೂಡಿದರು. ಆ ಹಂಗಾಮಿನಲ್ಲಿ ಕೊಂಡದ್ದು ಹತ್ತು ಸಾವಿರ ಕಿಲೋ. ಪುಕ್ಕಟೆ ಬಂದದ್ದು ಸಾವಿರ. ಅದರ ಬೆಲೆ ಎಂಟುನೂರು ರೂಪಾಯಿ. ಅವರು ಹಾಕಬಹುದಾಗಿದ್ದ ದಂಡವೋ ಐನೂರಕ್ಕೇ ಮುಗಿಯುತ್ತಿತ್ತು. ಇನ್ನೊಬ್ಬರಾಗಿದ್ದರೆ ಐನೂರು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವರು "ಆರೋಪಿಯ ಲಾಭ ನನ್ನ ಅಧಿಕಾರಕ್ಕಿಂತ ದೊಡ್ಡದು" ಎಂದು ಬರೆದು ಕಡತವನ್ನು ಮೇಲಿನ ಮ್ಯಾಜಿಸ್ಟ್ರೇಟರಿಗೆ ಕಳಿಸಿದರು. ತನ್ನ ಕುರ್ಚಿ ಸಣ್ಣದೆಂದು ತಾನೇ ಬರೆದುಕೊಟ್ಟ ಅಧಿಕಾರಿಯನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿ ಬಿದ್ದದ್ದು ಸಾವಿರದ ಆರುನೂರು, ಲಾಭದ ಇಮ್ಮಡಿ. ಅದರಲ್ಲಿ ಅರ್ಧ, ಹೊತ್ತವರಿಗೆ. ಶಿವನಂಜಯ್ಯ ಆ ಸಲ ಬಸ್ಸಿನ ಮಾತೆತ್ತಲಿಲ್ಲ. ಕೇತಿ ಮಾತ್ರ ತನ್ನ ಪಾಲನ್ನು ಸೆರಗಿಗೆ ಗಂಟುಹಾಕಿಕೊಂಡು ಸ್ವಾಮಿಗಳ ಮುಂದೆ ಬಂದು ನಿಂತಳು. "ಕಾಸೇನೋ ಬಂತು ಬುದ್ಧಿ. ಆ ಹನ್ನೊಂದ್ನೇ ಹೊರೇಲಿ ಕತ್ತು ನೊಂದುದ್ಕೆ ಯಾವ ಕಲ್ಲು ಮಡ್ಗೀರಿ?"

ಸ್ವಾಮಿಗಳು ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

ನೆಟ್ಟಗೆ ನಡೆಯುವ ಅಧಿಕಾರಿಗಳು ಲೋಕದಲ್ಲಿ ಬಹಳ. ಅವರ ಜೇಬಿನಲ್ಲಿ ಭಾರವಿರುವುದಿಲ್ಲ. ಪರರ ಹೊರೆಯನ್ನು ಪೂರ್ತಿ ತೂಗಲಾಗದೆಂದು ತಿಳಿದೂ, ತೂಗುವ ಕಲ್ಲನ್ನು ಕೆಳಗಿಡದವರು ಮಾತ್ರ, ಸಾಯುವತನಕ ಹೀಗೆ ಕೊಂಚ ವಾಲಿಕೊಂಡೇ ನಡೆಯುತ್ತಾರೆ.