ಚಪ್ಪರದಡಿಯ ಹೆಲಿಪ್ಯಾಡು

ಅಕ್ಕನಾಗಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಸುಣ್ಣದ ಸುತ್ತಿನ ನಟ್ಟನಡುವೆ ಹಾರೆ ಕುಕ್ಕಿದಳು.

"ಬ್ಯಾಡ್ರೀ ಅಕ್ಕಾ, ಸರ್ಕಾರದ್ ಹೆಲಿಪ್ಯಾಡು. ನನ್ ಕೆಲ್ಸ ಹೋಗ್ತೈತೆ!" ಕಾವಲಿನ ಮಸ್ತಾನ್ ಸಾಬ್ ಸ್ಟುಡಿಯೋದ ಬೇಲಿಯಾಚೆಯಿಂದಲೇ ಕೈಮುಗಿದ.

"ಮುಚ್ಚಿದ್ ಸ್ಟುಡಿಯೋಕ್ಕೆ ಎಂಥ ಕಾವಲೋ ಮಸ್ತಾನಣ್ಣ? ಒಳಗಿರೋದು ಬಾವಲಿ. ಅವೇನು ಹಾರಾಕೆ ಹೆಲಿಪ್ಯಾಡ್ ಕೇಳ್ತಾವಾ?"

ಅಂಬ್ಲಿಗೊಳ ಜಲಾಶಯದ ನೀರುಂಡ ಗದ್ದೆಗಳ ನಡುವೆ ಆ ಟೆಲಿವಿಷನ್ ಸ್ಟುಡಿಯೋ ಎದ್ದದ್ದು ರೈತರಿಗೆ ಬೇಸಾಯ ಕಲಿಸುವುದಕ್ಕಂತೆ. ಸುತ್ತಿನ ಯಾವ ಊರಲ್ಲೂ ಒಂದು ಟೀವಿ ಇಲ್ಲವೆಂಬುದು ಕಲಿಸುವವರಿಗೆ ಅಡ್ಡಿಯಾಗಲಿಲ್ಲ. ಉದ್ಘಾಟನೆಗೆ ಮಂತ್ರಿಗಳು ಆಕಾಶದಿಂದ ಇಳಿಯುವವರಿದ್ದರು. ಗುತ್ತಿಗೆ ಹಿಡಿದ ಮೈದುನ ವೀರಬಸಪ್ಪ, ವಿಧವೆ ಅತ್ತಿಗೆಯನ್ನು ಒಂದು ಮಾತೂ ಕೇಳದೆ, ಹೆಲಿಪ್ಯಾಡಿಗೆ ಅವಳ ಬತ್ತ ಒಕ್ಕುವ ಕಣವನ್ನೇ ತೋರಿಸಿಬಿಟ್ಟ.

"ಅಡಿ ದಪ್ಪ ಕಾಂಕ್ರೀಟ್ ಹಾಕ್ಸೀನಿ ಅತ್ತಿಗೆಮ್ಮ. ಇನ್ ಅದು ಕಣ ಅನ್ನೋದ್ ಮರ್ತುಬಿಡ್ರಿ."

ಅಷ್ಟಕ್ಕೇ ನಿಂತನೇ? ಬರುವ ಅತಿಥಿಗೆ ಬಿಸಿಲು ತಾಗಬಾರದೆಂದು ಹೆಲಿಪ್ಯಾಡಿನ ಮೇಲೆಲ್ಲ ಚಪ್ಪರ ಹಾಕಿಸಿದ. ಬಾಳೆಕಂದು, ಮಾವಿನ ತೋರಣ ಕಟ್ಟಿಸಿದ. ಹೆಲಿಕಾಪ್ಟರ್ ಬಂತು. ಚಪ್ಪರದ ಮೇಲೆ ಹದ್ದಿನ ಹಾಗೆ ಸುತ್ತಿ, ತೋರಣ ಹಾರಿಸಿ, ಇಳಿಯಲು ಎಡೆ ಕಾಣದೆ ಶಿವಮೊಗ್ಗದತ್ತ ತಿರುಗಿತು. ಕೆಳಗೆ ವೀರಬಸಪ್ಪ ಹೂವಿನ ಹಾರ ಹಿಡಿದು ಮುಗಿಲಿಗೆ ಕೈಮುಗಿಯುತ್ತಲೇ ಇದ್ದ. ಇಷ್ಟಲಿಂಗದ ಮುಂದೆಯೂ ಅವನು ಅಷ್ಟು ಭಕ್ತಿಯಿಂದ ಬಾಗಿದ್ದನ್ನು ಅಕ್ಕನಾಗಮ್ಮ ಕಂಡಿರಲಿಲ್ಲ.

ವರ್ಷ ತಿರುಗುವ ಮೊದಲೇ ಯಂತ್ರಗಳು ಲಾರಿ ಹತ್ತಿದವು. ಬೀಗ ಉಳಿಯಿತು, ಬೇಲಿ ಉಳಿಯಿತು, ಮಸ್ತಾನ್ ಸಾಬ್ ವರ್ಷವರ್ಷ ಬಳಿಯುವ ಸುಣ್ಣದ ಸುತ್ತು ಉಳಿಯಿತು. ಎರಡು ಸುಗ್ಗಿ ಅವಳು ಕಂಡವರ ಕಣದಲ್ಲಿ, ಅವರದು ಮುಗಿದ ಮೇಲೆ, ಒಕ್ಕಿದಳು. ಈ ಸಲ ಯಾರ ಕಣವೂ ಬಿಡುವಿಲ್ಲ. ಬಣವೆಯ ಮೇಲೆ ಅಕಾಲದ ಮೋಡ ಕವಿದಿತ್ತು. ನೆನೆದರೆ ವರ್ಷದ ಅನ್ನವೇ ಮೊಳಕೆ.

ಮತ್ತೊಂದು ಏಟಿಗೆ ಹಾರೆ ದುಬಕ್ಕನೆ ಒಳಗಿಳಿಯಿತು. ಮಸ್ತಾನ್ ಸಾಬ್ ತಡೆಯಲಾರದೆ ಬೇಲಿ ನುಸುಳಿ ಬಂದ. ಕೆಳಗೆ, ಎತ್ತು ತಿರುಗುವ ನಡುಗಂಬಕ್ಕೆಂದು ಮಾವ ಕಲ್ಲು ಕಟ್ಟಿಸಿದ್ದ ಮೇಟಿಕುಳಿ ಹಾಗೇ ಬಾಯಿ ತೆರೆದಿತ್ತು. ಒಳಗೆ ಅಂದಿನ ಹುಲ್ಲಿನ ಎಳೆಗಳೂ ಇದ್ದವು.

ಅವನು ಒಡೆದ ಚೂರೊಂದನ್ನು ಎತ್ತಿ ನೋಡಿದ. "ಯಾ ಅಲ್ಲಾ! ಅಡಿ ದಪ್ಪ ಅಂದಿದ್ದು ಈ ಹಪ್ಪಳಾನಾ? ಹೆಲಿಕಾಪ್ಟರ್ ಇಳಿದಿದ್ರೆ?"

"ಶಿವ ದೊಡ್ಡೋನು. ಅದಕ್ಕೇ ನಮ್ ಮೈದುನನ ಕೈಲೇ ಚಪ್ಪರ ಹಾಕಿಸ್ದ."

ಬಸರಿ ಮರದ ಮೇಟಿ ನೆಟ್ಟು, ತುದಿಗೆ ತೆನೆ ಕಟ್ಟಿ, ಬುಡಕ್ಕೆ ವಿಭೂತಿ ಹಚ್ಚಿದಳು. ಬತ್ತದ ಸಿವುಡು ಬಿಚ್ಚಿ ಹರಡಿ ಎತ್ತುಗಳನ್ನು ಹೂಡಿದಳು. ಅವು ಎರಡು ಸುತ್ತು ತಿರುಗುವಷ್ಟರಲ್ಲಿ ವೀರಬಸಪ್ಪ ಏದುಸಿರು ಬಿಡುತ್ತ ಬಂದ.

"ಸರ್ಕಾರಿ ಆಸ್ತಿ ಒಡೀತೀರಾ? ಪೊಲೀಸ್ನೋರ್ನ ಕರೀತೀನಿ!"

"ಕರೀರಿ. ಬರೋರಿಗೆ ಬಿಸಿಲು, ಒಂದ್ ಚಪ್ಪರಾನೂ ಹಾಕ್ಸಿ," ಎಂದಳು, ಎತ್ತುಗಳನ್ನು ನಿಲ್ಲಿಸದೆ. "ಮಸ್ತಾನಣ್ಣ, ಆ ಹಪ್ಪಳ ಜೋಪಾನ."

ವೀರಬಸಪ್ಪನ ಕಣ್ಣು ಮಸ್ತಾನನ ಕೈಯಲ್ಲಿದ್ದ ಚೂರಿನ ಮೇಲೆ ಬಿತ್ತು. ದನಿ ಇಳಿಯಿತು. ಏನೋ ಸಮಾಧಾನ ಹೇಳುವವನಂತೆ ಕಾಲು ಮುಂದಿಟ್ಟ.

"ಮೈದುನಪ್ಪ, ಇದು ಕಣ. ಮೆಟ್ಟು ಬಿಡ್ರಿ."

ಅವನು ಮೇಟಿಯ ತುದಿಯ ತೆನೆ ನೋಡಿದ. ಬಗ್ಗಿದ.

ಸುಣ್ಣದ ಗೆರೆಯಾಚೆ ಹೊಸ ಚರ್ಮದ ಮೆಟ್ಟು ಜೋಡಿ ಕುಳಿತಿತ್ತು. ಈಚೆ, ಸುಣ್ಣ ತುಳಿದು ಬಿಳಿಯಾದ ಗೊರಸಿನ ಎತ್ತುಗಳು ಸುತ್ತುತ್ತಿದ್ದವು.