ಜೂನ್ ಒಂದರಂದು ಹುಟ್ಟಿದವಳು

ವಕೀಲೆ ಮಾಧವಿಯವರ ಬೆರಳು ಶಾಲೆಯ ಟಿಸಿಯ ಆ ಒಂದೇ ಸಾಲಿನ ಮೇಲೆ ನಿಂತಿದೆ, ಉಗುರಿನ ಅಂಚಿನಲ್ಲಿ ಅರಿಶಿಣ, ಹುಟ್ಟಿದ ದಿನಾಂಕ ಜೂನ್ ಒಂದು, ಸಣ್ಣವರಿದ್ದಾಗ ಪೆಟ್ಟು ಬಿದ್ರ ಹದಿನೆಂಟು ತುಂಬಿದ ಮ್ಯಾಲ ಮೂರು ವರ್ಷದಾಗ ದಾವಾ ಹಾಕಬೇಕವ್ವ, ನಿನಗ ಇಪ್ಪತ್ತೊಂದು ತುಂಬಿ ಇಪ್ಪತ್ತು ದಿನ ಆಗ್ಯಾವ, ಗಡುವು ದಾಟೇದ, ಎನ್ನುತ್ತಾರೆ ಅವರು — ಇಪ್ಪತ್ತು ದಿನ, ದಾವಾ ಹಾಕಬಹುದೆಂಬುದೇ ಮೊನ್ನೆಯವರೆಗೆ ಯಾರಿಗೆ ಗೊತ್ತಿತ್ತು, ಮಲ್ಲೇಶ್ವರಿ ಎಡಗೈ ಮಡಿಸಿ ಕೂತಿದ್ದಾಳೆ, ಮಡಿಸಿದ್ದೇನು, ಅದು ಬಿಚ್ಚುವುದೇ ಇಲ್ಲ, ಹನ್ನೊಂದರ ಹುಡುಗಿ ಎರಡು ಕುರಿ ಕಳೆದು ಬಂದಳೆಂದು ಹನುಮಂತ್ರಾಯ ಕಾಕ ಬಡಿಗೆಯಿಂದ ಹೊಡೆದದ್ದು, ದವಾಖಾನಿ ಬ್ಯಾಡ, ಪೊಲೀಸ್ರು ಕೇಳ್ತಾರ ಎಂದು ತಾನೇ ಬಿದಿರಿನ ದಬ್ಬೆ ಕಟ್ಟಿದ್ದು, ಮೂಳೆ ಹಾಗೇ ಸೊಟ್ಟಗೆ ಕೂಡಿಕೊಂಡಿತು, ಹೋದ ತಿಂಗಳು ಇದೇ ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನವರು ಆ ಕೈ ನೋಡಿ ಕೆಲಸವಿಲ್ಲವೆಂದು ವಾಪಸ್ ಕಳಿಸಿದರು — ಆದರೆ ಜೂನ್ ಒಂದಕ್ಕೆ ಅವಳೊಬ್ಬಳೇ ಹುಟ್ಟಿದಳೇ, ದೇವದುರ್ಗದ ಕಡೆಯ ಆ ಶಾಲೆಯಲ್ಲಿ ಮಾಸ್ತರರು ಎಲ್ಲರಿಗೂ ಅದನ್ನೇ ಬರೆದರು, ಅವಳು ಹುಟ್ಟಿದ್ದು ಶ್ರಾವಣದ ಎರಡನೇ ಸೋಮವಾರ, ಅವ್ವ ಎಷ್ಟು ಸಲ ಹೇಳಿಲ್ಲ, ಕೃಷ್ಣಾ ತುಂಬಿ ಸೂಲಗಿತ್ತಿ ಆಚೆ ದಂಡೆಯಲ್ಲೇ ಉಳಿದಳು, ನಾನೇ ನಿನ್ನ ಹೊಕ್ಕುಳಬಳ್ಳಿ ಕೊಯ್ದೆ ಮಗಳ — ಹಾಗಾದರೆ ಇನ್ನೂ ಎರಡು ತಿಂಗಳಿದೆ, ಇದೆಯಲ್ಲ ಎಂದು ಅವಳು ಬಾಯಿಬಿಟ್ಟೇ ಕೇಳುತ್ತಾಳೆ, ನಿಮ್ಮವ್ವ ಕೋರ್ಟಿಗೆ ಬಂದು ಇದನ್ನ ಹೇಳ್ತಾಳೇನು ಕೇಳು, ಎನ್ನುತ್ತಾರೆ ಮಾಧವಿ, ಹೇಳಿದ್ರ ಒಂದು ದಾರಿ ಅದ. ಫೋನು ಹೋಗುತ್ತಿದೆ, ಅಪ್ಪ ಸತ್ತ ಮೇಲೆ ಅವ್ವ ಆದೆಮ್ಮ ಉಣ್ಣುವುದು ಕಾಕನ ಮನೆಯಲ್ಲೇ, ಮಲಗುವುದು ಕಾಕನ ಪಡಸಾಲೆಯಲ್ಲೇ, ಎತ್ತಿದಳು, ಹಿಂದೆ ಕುರಿಗಳ ಸದ್ದು, ಅದರ ಹಿಂದೆ ಕಾಕನ ಕೆಮ್ಮು, ಮಲ್ಲೇಶ್ವರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾಳೆ, ಆಚೆಯಿಂದ ಅವ್ವ ಮೆಲ್ಲಗೆ, ನೀ ಯಾವಾಗ ಹುಟ್ಟೀದಿ, ನನಗ ನೆನಪಿಲ್ಲವ್ವ. ಏನಂದ್ಲು ನಿಮ್ಮವ್ವ, ಮಾಧವಿ ಕೇಳುತ್ತಾರೆ, ನೆನಪಿಲ್ಲಂತ್ರೀ, ಟಿಸಿ ಅವಳ ಕಡೆ ಸರಿದು ಬರುತ್ತದೆ, ಸಿಟ್ಟು ಬರಬೇಕು, ಬರುತ್ತಿಲ್ಲ, ಅವ್ವ ತಾನೆ ಎಲ್ಲಿ ಹೋದಾಳು, ಇಲ್ಲಿ ಅವಳನ್ನಿಟ್ಟುಕೊಳ್ಳಲು ಮಲ್ಲೇಶ್ವರಿಗೇ ಮನೆಯಿಲ್ಲ, ಮುಂದೇನು, ಮುಂದೇನು ಎಂದು ಮನಸ್ಸು ಎತ್ತ ಹೊರಳಿದರೂ ಬಂದು ನಿಲ್ಲುವುದು ಅಲ್ಲೇ, ಆ ದಿನ ಬಡಿಗೆ ಮೇಲೆದ್ದಾಗ ಬಾಗಿಲಲ್ಲಿ ಅವ್ವ, ಬಾಯಿಗೆ ತುರುಕಿಕೊಂಡ ಸೆರಗು, ಒಂದು ಕಾಲು ಹೊಸ್ತಿಲ ಹೊರಗೆ, ಒಂದು ಒಳಗೆ, ಬಡಿಗೆ ಮೇಲೇಳುತ್ತದೆ, ಒಂದು ಹೊರಗೆ, ಒಂದು ಒಳಗೆ, ಒಂದು ಹೊರಗೆ —